ಕೊಲೆಸ್ಟ್ರಾಲ್ ಇಳಿಸುವ ಪಥ್ಯ: ರಿಪೋರ್ಟ್ ಓದುವುದರಿಂದ ಮರುಪರೀಕ್ಷೆಯವರೆಗೆ

“ಕೊಲೆಸ್ಟ್ರಾಲ್ 240 ಬಂದಿದೆ. ಮೊಟ್ಟೆ, ತುಪ್ಪ ಎರಡನ್ನೂ ಬಿಟ್ಟು ಮೂರು ತಿಂಗಳಾಯಿತು. ಆದರೂ ಇಳಿದಿಲ್ಲ. ಇನ್ನೇನು ಬಿಡಬೇಕು?” ಈ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಹೀಗೆ ಕೇಳುವವರು ಬಾಯಿ ಕಟ್ಟದವರಲ್ಲ. ಬಹಳ ಮಂದಿ ನಿಷ್ಠೆಯಿಂದಲೇ ಪಥ್ಯ ಮಾಡಿರುತ್ತಾರೆ. ಆದರೆ ತಮ್ಮ ರಿಪೋರ್ಟಿನಲ್ಲಿ ಏರಿರುವುದು ಯಾವ ಸಾಲು ಎಂಬುದನ್ನು ನೋಡದೆ, ನೆಂಟರೋ ನೆರೆಯವರೋ ಹಿಡಿದ ಪಥ್ಯವನ್ನೇ ತಾವೂ ಹಿಡಿದಿರುತ್ತಾರೆ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಏರಿದವರು ಬದಲಿಸಬೇಕಾದದ್ದು ಒಂದು, ರಕ್ತದಲ್ಲಿ ಹರಿಯುವ ಕೊಬ್ಬಾದ ಟ್ರೈಗ್ಲಿಸರೈಡ್ ಏರಿದವರು ಬದಲಿಸಬೇಕಾದದ್ದು ಮತ್ತೊಂದು. ಆದ್ದರಿಂದ ಈ ಲೇಖನದಲ್ಲಿ ಊಟದ ಮಾತಿಗೆ ಮೊದಲು ರಿಪೋರ್ಟಿನ ಮಾತು ಬರುತ್ತದೆ.

ಒಂದು ವಿಷಯವನ್ನು ಆರಂಭದಲ್ಲೇ ತಿಳಿದುಕೊಂಡರೆ ಮುಂದಿನದು ಸುಲಭವಾಗುತ್ತದೆ. ನಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ತಟ್ಟೆಯಿಂದ ನೇರವಾಗಿ ಬಂದದ್ದಲ್ಲ, ದೇಹವೇ ತಯಾರಿಸಿಕೊಂಡದ್ದು. ಅದರಲ್ಲಿ ಯಕೃತ್ತಿನ, ಅಂದರೆ ಲಿವರಿನ ಪಾತ್ರ ದೊಡ್ಡದು. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲ್ಮೈಯಲ್ಲಿವೆ. ಈ ವ್ಯವಸ್ಥೆಯನ್ನು ವಿವರಿಸಿದ್ದಕ್ಕಾಗಿಯೇ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಪರ್ಯಾಪ್ತ ಕೊಬ್ಬು, ಅಂದರೆ ಪೊಟ್ಟಣಗಳ ಮೇಲೆ ಸ್ಯಾಚುರೇಟೆಡ್ ಫ್ಯಾಟ್ ಎಂದು ಬರೆದಿರುವ ಕೊಬ್ಬು, ಹೆಚ್ಚಾದಾಗ ಈ ಗ್ರಾಹಕಗಳ ಕೆಲಸ ಕುಂದುತ್ತದೆ ಮತ್ತು ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಮೊಟ್ಟೆ ಬಿಟ್ಟು ಪಾಮೊಲಿನ್‌ನಲ್ಲಿ, ಅಂದರೆ ಈ ಕೊಬ್ಬು ಹೆಚ್ಚಿರುವ ತಾಳೆ ಎಣ್ಣೆಯಲ್ಲಿ, ಕರಿದ ಬೋಂಡಾ ತಿನ್ನುತ್ತಿದ್ದವರ ಅಂಕಿ ಇಳಿಯದಿರುವುದಕ್ಕೆ ಕಾರಣ ಇಲ್ಲಿದೆ.

ಊಟವೊಂದನ್ನೇ ನಂಬಿ ಕೂರಬಾರದವರು

ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿರುವವರು, ಸ್ಟೆಂಟ್ ಹಾಕಿಸಿಕೊಂಡವರು, 40 ದಾಟಿದ ಮಧುಮೇಹಿಗಳು, ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇರುವವರು, ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಹೆಚ್ಚು ಬಂದಿರುವವರು ಇಲ್ಲಿ ಹೇಳಿದ ಎಲ್ಲವನ್ನೂ ಮಾಡಬಹುದು, ಮಾಡಲೂಬೇಕು. ಆದರೆ ವೈದ್ಯರು ಕೊಟ್ಟ ಮಾತ್ರೆಯ ಜೊತೆಗೆ ಮಾಡಬೇಕು, ಅದರ ಬದಲಿಗೆ ಅಲ್ಲ. ಟ್ರೈಗ್ಲಿಸರೈಡ್ 500 ದಾಟಿದ್ದರೆ ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸಿನ ಉರಿಯೂತದ ಅಪಾಯ ಏರತೊಡಗುವುದರಿಂದ ಆ ವಾರವೇ ವೈದ್ಯರನ್ನು ಕಾಣಬೇಕು. ನಡೆಯುವಾಗ ಎದೆ ಬಿಗಿಯುವುದು, ಎಡತೋಳಿಗೋ ದವಡೆಗೋ ನೋವು ಹರಿಯುವುದು, ಹಿಂದೆ ಇಲ್ಲದ ಏದುಸಿರು ಕಾಣಿಸಿಕೊಂಡರೆ ಪಥ್ಯದ ಯೋಚನೆಯನ್ನು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಉಳಿದವರು ಸಿದ್ಧಪಡಿಸಿಕೊಳ್ಳಬೇಕಾದದ್ದು ಕಡಿಮೆ: ಪೂರ್ತಿ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬುಗಳ ಪರೀಕ್ಷೆ) ಇರುವ ರಿಪೋರ್ಟ್, 5 ಮಿ.ಲೀ. ಹಿಡಿಯುವ ಅಳತೆ ಚಮಚ, ಹೊಲಿಗೆಯವರ ಟೇಪು, ಒಂದು ನೋಟ್‌ಬುಕ್ ಮತ್ತು ಮೂರು ತಿಂಗಳ ಕಾಲಾವಕಾಶ.

ಹಂತ 1: ಏರಿರುವುದು ಯಾವುದು ಎಂದು ಗುರುತಿಸಿ

ರಿಪೋರ್ಟಿನಲ್ಲಿ ಮುಖ್ಯವಾಗಿ ನಾಲ್ಕು ಅಂಕಿಗಳಿರುತ್ತವೆ, ನಮ್ಮಲ್ಲಿ ಅವನ್ನು ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂದು ಕೊಡುತ್ತಾರೆ. ಒಟ್ಟು ಕೊಲೆಸ್ಟ್ರಾಲ್ 200ರ ಒಳಗಿದ್ದರೆ ಒಳ್ಳೆಯದು. ಎಲ್‌ಡಿಎಲ್ ಎಂಬುದು ರಕ್ತನಾಳದ ಗೋಡೆಯಲ್ಲಿ ಶೇಖರವಾಗುವ, ಆಡುಮಾತಿನಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಭಾಗ; ಬೇರೆ ಕಾಯಿಲೆ ಇಲ್ಲದವರಲ್ಲಿ ಅದು 100ರ ಒಳಗಿದ್ದರೆ ಉತ್ತಮ, 130 ದಾಟಿದರೆ ಗಡಿಯಲ್ಲಿದೆ, 160 ದಾಟಿದರೆ ಹೆಚ್ಚು ಎಂದು ಲೆಕ್ಕ. ಎಚ್‌ಡಿಎಲ್ ಅಥವಾ ಒಳ್ಳೆಯ ಕೊಲೆಸ್ಟ್ರಾಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆಯಾಗಬಾರದು. ಟ್ರೈಗ್ಲಿಸರೈಡ್ ಎಂದರೆ ರಕ್ತದಲ್ಲಿ ಹರಿಯುವ ಕೊಬ್ಬು. ಅದು 150ರ ಒಳಗಿರಬೇಕು.

ಈಗ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಒಟ್ಟು ಕೊಲೆಸ್ಟ್ರಾಲ್ 240. ಮೊದಲನೆಯವರ ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 200. ಎರಡನೆಯವರ ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 380. ಬಹಳಷ್ಟು ಪ್ರಯೋಗಾಲಯಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯದೆ, 1972ರಲ್ಲಿ ಪ್ರಕಟವಾದ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತವೆ: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಬೇಕು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯಬೇಕು. ಹಾಗೆ ಕಳೆದಾಗ ಮೊದಲನೆಯವರ ಎಲ್‌ಡಿಎಲ್ 160, ಎರಡನೆಯವರದು 126. ಅಂದರೆ ಮೊದಲನೆಯವರು ಕಣ್ಣಿಡಬೇಕಾದದ್ದು ಎಣ್ಣೆ, ತೆಂಗು, ಹಾಲಿನ ಕೆನೆಯ ಕಡೆಗೆ. ಎರಡನೆಯವರು ಮೊದಲು ನೋಡಬೇಕಾದದ್ದು ಅನ್ನದ ರಾಶಿ, ಸಕ್ಕರೆ, ಮದ್ಯ ಮತ್ತು ಹೊಟ್ಟೆಯ ಸುತ್ತಳತೆ. “ಕೊಲೆಸ್ಟ್ರಾಲ್ 240” ಎಂಬ ಒಂದೇ ಮಾತು ಇಬ್ಬರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಟ್ರೈಗ್ಲಿಸರೈಡ್ 400 ದಾಟಿದಾಗ ಈ ಸೂತ್ರ ಕೆಲಸ ಮಾಡುವುದಿಲ್ಲ. ಆಗ, ಹಾಗೆಯೇ ಎರಡೂ ಏರಿರುವವರಲ್ಲಿ, ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದರೆ ಸಿಗುವ ನಾನ್-ಎಚ್‌ಡಿಎಲ್ ಅಂಕಿಯನ್ನು ನೋಡುವುದು ಹೆಚ್ಚು ಭರವಸೆಯದು. ನಿಮ್ಮ ಎಲ್‌ಡಿಎಲ್ ಗುರಿಗೆ 30 ಕೂಡಿಸಿದರೆ ನಾನ್-ಎಚ್‌ಡಿಎಲ್ ಗುರಿ ಸಿಗುತ್ತದೆ.

ಎಚ್ಚರಿಕೆ: ಜ್ವರ, ಸೋಂಕು, ಶಸ್ತ್ರಚಿಕಿತ್ಸೆಯ ನಂತರದ ಕೆಲವು ವಾರಗಳಲ್ಲಿ ಮಾಡಿಸಿದ ಪರೀಕ್ಷೆ ಎಲ್‌ಡಿಎಲ್ ಅನ್ನು ಇದ್ದುದಕ್ಕಿಂತ ಕಡಿಮೆ ತೋರಿಸಬಹುದು, ಗರ್ಭಾವಸ್ಥೆಯಲ್ಲಿ ಅದು ಸಹಜವಾಗಿಯೇ ಏರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮದುವೆ ಊಟ ಮಾಡಿ ಬಂದವರ ಅಥವಾ ಮದ್ಯ ಸೇವಿಸಿದವರ ಟ್ರೈಗ್ಲಿಸರೈಡನ್ನು ನಂಬುವಂತಿಲ್ಲ.

ಹಂತ 2: ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಳ್ಳಿ

ಥೈರಾಯ್ಡ್ ಗ್ರಂಥಿಯ ಕೆಲಸ ಮಂದವಾದಾಗ ಎಲ್‌ಡಿಎಲ್ ಏರುತ್ತದೆ. ಹೀಗಾಗಿ ಮಾಡಿಸಬೇಕಾದ ಮೊದಲ ಪರೀಕ್ಷೆ ಥೈರಾಯ್ಡಿನ ಕೆಲಸವನ್ನು ತೋರಿಸುವ ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ. ಅದು ಹೆಚ್ಚಿದ್ದು ಥೈರಾಯ್ಡ್ ಮಾತ್ರೆ ಆರಂಭವಾದರೆ ಕೊಲೆಸ್ಟ್ರಾಲ್ ತಾನಾಗಿ ಇಳಿಯುವುದೂ ಉಂಟು. ಹತೋಟಿ ತಪ್ಪಿದ ಮಧುಮೇಹ, ಮೂತ್ರದಲ್ಲಿ ಪ್ರೋಟೀನ್ ಸೋರುವ ಮೂತ್ರಪಿಂಡದ ಕಾಯಿಲೆ, ದೀರ್ಘಕಾಲ ಸ್ಟೆರಾಯ್ಡ್ ಸೇವನೆ ಕೂಡ ಇದೇ ರೀತಿ ಅಂಕಿಗಳನ್ನು ಏರಿಸುತ್ತವೆ. ಇವುಗಳನ್ನು ಬಿಟ್ಟು ಊಟವನ್ನಷ್ಟೇ ಕತ್ತರಿಸುತ್ತಾ ಹೋದರೆ ಮೈ ಸೊರಗುತ್ತದೆಯೇ ಹೊರತು ರಿಪೋರ್ಟ್ ಬದಲಾಗುವುದಿಲ್ಲ.

ವಂಶದ ಕಾರಣವೂ ಇರಬಹುದು. ಸುಮಾರು 250 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಹೆಚ್ಚಿರುವ ಆನುವಂಶಿಕ ಸ್ಥಿತಿ ಇರುತ್ತದೆ. ಅಪ್ಪ, ಅಣ್ಣ, ತಮ್ಮಂದಿರಲ್ಲಿ ಯಾರಿಗಾದರೂ 55ಕ್ಕೆ ಮೊದಲು, ಅಮ್ಮ, ಅಕ್ಕ, ತಂಗಿಯರಲ್ಲಿ ಯಾರಿಗಾದರೂ 65ಕ್ಕೆ ಮೊದಲು ಹೃದಯಾಘಾತ ಆಗಿದ್ದರೆ, ಅಥವಾ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪವಾಗಿ ಗಂಟುಗಟ್ಟಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಲೈಪೋಪ್ರೋಟೀನ್-ಎ ಎಂಬ ಮತ್ತೊಂದು ಕಣದ ಮಟ್ಟವೂ ಬಹುಮಟ್ಟಿಗೆ ವಂಶದಿಂದಲೇ ನಿರ್ಧಾರವಾಗುತ್ತದೆ. ಊಟದಿಂದ ಅದು ಬದಲಾಗುವುದಿಲ್ಲವಾದ್ದರಿಂದ ಜೀವಮಾನದಲ್ಲಿ ಒಮ್ಮೆ ಅಳೆಸಿಕೊಂಡರೆ ಸಾಕು.

ಹಂತ 3: ಪರ್ಯಾಪ್ತ ಕೊಬ್ಬನ್ನು ಅಳೆದು ಇಳಿಸಿ

ಎಲ್‌ಡಿಎಲ್ ಏರಿರುವವರ ಪಥ್ಯದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ಗುರಿ ಸರಳ: ದಿನಕ್ಕೆ 2000 ಕ್ಯಾಲೊರಿ ಊಟ ಮಾಡುವವರಿಗೆ ಪರ್ಯಾಪ್ತ ಕೊಬ್ಬು 15 ಗ್ರಾಂ ಆಸುಪಾಸಿನಲ್ಲಿ ನಿಲ್ಲಬೇಕು, ಅಂದರೆ ಒಟ್ಟು ಕ್ಯಾಲೊರಿಯ ಶೇ 7ರಷ್ಟು.

ಈ 15 ಗ್ರಾಂ ನಮ್ಮ ಮನೆಗಳಲ್ಲಿ ಹೇಗೆ ಮುಗಿಯುತ್ತದೆ ನೋಡಿ. ಶೇ 6 ಕೊಬ್ಬಿರುವ ಗಟ್ಟಿ ಹಾಲು ಕಾಫಿಗೆ, ಮೊಸರಿಗೆ ಸೇರಿ ಒಬ್ಬರಿಗೆ 300 ಮಿ.ಲೀ. ಆದರೆ ಸುಮಾರು 11 ಗ್ರಾಂ. ಅನ್ನಕ್ಕೂ ದೋಸೆಗೂ ಹಾಕಿಕೊಂಡ ಎರಡು ಚಿಕ್ಕ ಚಮಚ ತುಪ್ಪದಿಂದ 5.5 ಗ್ರಾಂ. ಚಟ್ನಿ, ಪಲ್ಯ, ಹುಳಿಗೆ ಸೇರಿ ಒಬ್ಬರ ಪಾಲಿಗೆ ಬರುವ 20 ಗ್ರಾಂ ಹಸಿ ಕಾಯಿತುರಿಯಿಂದ 6 ಗ್ರಾಂ. ಅಡುಗೆಗೆ 15 ಗ್ರಾಂ ಪಾಮೊಲಿನ್ ಬಳಸಿದರೆ 6.5 ಗ್ರಾಂ. ಒಟ್ಟು 29 ಗ್ರಾಂ, ಗುರಿಯ ಹೆಚ್ಚುಕಡಿಮೆ ಎರಡರಷ್ಟು. ಇದರಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ, ಬೇಕರಿ ತಿನಿಸಿಲ್ಲ, “ನಾವು ಶುದ್ಧ ಸಸ್ಯಾಹಾರಿಗಳು, ನಮಗೇಕೆ ಕೊಲೆಸ್ಟ್ರಾಲ್?” ಎಂದು ಕೇಳುವ ಓದುಗರಿಗೆ ಈ ಲೆಕ್ಕವೇ ಉತ್ತರ.

ಈಗ ಅದೇ ಮನೆಯಲ್ಲಿ ನಾಲ್ಕು ಬದಲಾವಣೆ ಮಾಡೋಣ. ಶೇ 3 ಕೊಬ್ಬಿರುವ ಟೋನ್ಡ್ ಹಾಲು ತಂದರೆ 5.5 ಗ್ರಾಂ. ತುಪ್ಪ ಒಂದೇ ಚಮಚ, 2.8 ಗ್ರಾಂ. ಕಾಯಿತುರಿ ಅರ್ಧಕ್ಕೆ, 3 ಗ್ರಾಂ. ಪಾಮೊಲಿನ್ ಬದಲು ಅಷ್ಟೇ ಪ್ರಮಾಣದ ಕಡಲೆಕಾಯಿ ಎಣ್ಣೆ, 2.8 ಗ್ರಾಂ. ಒಟ್ಟು 14 ಗ್ರಾಂ ಚಿಲ್ಲರೆ. ಯಾವ ಪದಾರ್ಥವೂ ಅಡುಗೆಮನೆಯಿಂದ ಪೂರ್ತಿ ಹೊರಹೋಗಲಿಲ್ಲ. ಪಥ್ಯ ವರ್ಷಗಟ್ಟಲೆ ನಿಲ್ಲುವುದು ಹೀಗೆ ಮಾಡಿದಾಗ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲ್ಲವನ್ನೂ ಒಮ್ಮೆಗೇ ಬಿಟ್ಟವರು ಯುಗಾದಿಯ ಒಬ್ಬಟ್ಟಿನ ದಿನ ಪಥ್ಯವನ್ನೂ ಬಿಡುತ್ತಾರೆ.

ಎಣ್ಣೆಯ ಆಯ್ಕೆಯಲ್ಲಿ ಗೊಂದಲ ಬೇಡ. ಕುಸುಬೆ, ಸೂರ್ಯಕಾಂತಿ, ಎಳ್ಳು, ಕಡಲೆಕಾಯಿ, ಅಕ್ಕಿತೌಡಿನ ಎಣ್ಣೆಗಳಲ್ಲಿ ಪರ್ಯಾಪ್ತ ಕೊಬ್ಬು ಸುಮಾರು ಶೇ 8ರಿಂದ 22ರ ನಡುವೆ ಇದೆ. ಇವುಗಳಲ್ಲಿ ಯಾವುದನ್ನಾದರೂ ಬದಲಾಯಿಸುತ್ತಾ ಬಳಸಬಹುದು. ಪಾಮೊಲಿನ್‌ನಲ್ಲಿ ಅದು ಶೇ 40 ದಾಟುತ್ತದೆ, ತುಪ್ಪದಲ್ಲಿ ಶೇ 60ರ ಮೇಲಿದೆ, ಕೊಬ್ಬರಿ ಎಣ್ಣೆಯಲ್ಲಿ ಶೇ 80ಕ್ಕೂ ಹೆಚ್ಚು. ಕರಾವಳಿಯ ಓದುಗರಿಗೆ ಇದು ಹಿತವಾದ ಮಾತಲ್ಲ ಎಂದು ಗೊತ್ತು, ಆದರೆ ಎಲ್‌ಡಿಎಲ್ ಏರಿರುವವರು ದಿನದ ಅಡುಗೆಯ ಎಣ್ಣೆಯನ್ನು ಬದಲಿಸಿ, ಕೊಬ್ಬರಿ ಎಣ್ಣೆಯನ್ನು ಪರಿಮಳಕ್ಕೆಂದು ಕೊನೆಯ ಒಗ್ಗರಣೆಗೆ ಅರ್ಧ ಚಮಚಕ್ಕೆ ಸೀಮಿತಗೊಳಿಸುವುದೇ ಸರಿ.

ಪ್ರಮಾಣಕ್ಕೆ ಒಂದು ಸುಲಭ ಉಪಾಯವಿದೆ. ಬೆಳಿಗ್ಗೆ ಅಡುಗೆಗೆ ನಿಲ್ಲುವ ಮೊದಲು ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಮೂರು ಚಿಕ್ಕ ಚಮಚದಂತೆ ಎಣ್ಣೆಯನ್ನು ಅಳೆದು ಒಂದು ಪುಟ್ಟ ಬಟ್ಟಲಿಗೆ ಹಾಕಿಡಿ; ಆ ದಿನದ ಸಾರು, ಪಲ್ಯ, ಚಟ್ನಿ, ದೋಸೆ ಎಲ್ಲಕ್ಕೂ ಅಷ್ಟೇ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿದಾಗ ಕಣ್ಣಳತೆ ಮೋಸ ಮಾಡುತ್ತದೆ. ಒಗ್ಗರಣೆ ಸೌಟನ್ನು ಓರೆಯಾಗಿ ಹಿಡಿದರೆ ಒಂದೇ ಚಮಚ ಎಣ್ಣೆ ಒಂದು ಕಡೆ ಸೇರುತ್ತದೆ, ಸಾಸಿವೆ ಅದರಲ್ಲೇ ಚೆನ್ನಾಗಿ ಸಿಡಿಯುತ್ತದೆ, ಕರಿಬೇವು, ಇಂಗಿನ ಘಮಕ್ಕೆ ಏನೂ ಕೊರತೆಯಾಗುವುದಿಲ್ಲ. ತಿಂಗಳ ಕೊನೆಯಲ್ಲಿ ಖಾಲಿ ಪ್ಯಾಕೆಟ್‌ಗಳನ್ನು ಎಣಿಸಿ: ತಲೆಗೆ ಅರ್ಧ ಲೀಟರಿಗಿಂತ ಹೆಚ್ಚಾಗಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ.

ಹಾಲನ್ನು ಬದಲಿಸಲು ಮನೆಯವರು ಒಪ್ಪದಿದ್ದರೆ ಕಾಯಿಸಿದ ಹಾಲನ್ನು ಫ್ರಿಜ್ಜಿನಲ್ಲಿಟ್ಟು, ಮೇಲೆ ಕಟ್ಟಿದ ಕೆನೆಯನ್ನು ಪೂರ್ತಿ ತೆಗೆದು ಬಳಸಿ. ಆ ಕೆನೆಯಿಂದ ಬೆಣ್ಣೆ ಕಡೆದು ತುಪ್ಪ ಮಾಡಿ ಮತ್ತೆ ಅದೇ ತಟ್ಟೆಗೆ ಬಡಿಸಿಕೊಂಡರೆ ತೆಗೆದದ್ದು ವ್ಯರ್ಥ.

ಈ ಹಂತದಲ್ಲಿ ಜನ ಎಡವುವ ಜಾಗಗಳು ಹಲವು. ಗಾಣದ ಎಣ್ಣೆಯಲ್ಲಿ ರುಚಿಯೂ ಕೆಲವು ಪೋಷಕಾಂಶಗಳೂ ಹೆಚ್ಚು ಉಳಿದಿರಬಹುದು, ಆದರೆ ಹಿಂಡುವ ವಿಧಾನದಿಂದ ಪರ್ಯಾಪ್ತ ಕೊಬ್ಬಿನ ಪ್ರಮಾಣ ಬದಲಾಗುವುದಿಲ್ಲ. ನಾಟಿ ಹಸುವಿನ ತುಪ್ಪಕ್ಕೂ ಇದೇ ಮಾತು. ಎಣ್ಣೆ ಪ್ಯಾಕೆಟ್ಟಿನ ಮೇಲೆ ಕೊಲೆಸ್ಟ್ರಾಲ್ ಇಲ್ಲವೆಂದು ಬರೆದಿರುವುದಕ್ಕೆ ವಿಶೇಷ ಅರ್ಥವಿಲ್ಲ, ಏಕೆಂದರೆ ಆಹಾರದ ಕೊಲೆಸ್ಟ್ರಾಲ್ ಬರುವುದು ಪ್ರಾಣಿಮೂಲದಿಂದ. ನೋಡಬೇಕಾದದ್ದು ಪರ್ಯಾಪ್ತ ಕೊಬ್ಬಿನ ಸಾಲು. ಟ್ರಾನ್ಸ್ ಕೊಬ್ಬು, ಅಂದರೆ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಅರೆಬರೆ ಗಟ್ಟಿ ಮಾಡುವಾಗ ಹುಟ್ಟುವ ಕೊಬ್ಬು, ಎಲ್‌ಡಿಎಲ್ ಏರಿಸುವುದಲ್ಲದೆ ಎಚ್‌ಡಿಎಲ್ ಅನ್ನೂ ಇಳಿಸುತ್ತದೆ. 2022ರ ಜನವರಿಯಿಂದ ಭಾರತದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಅದಕ್ಕೆ ಶೇ 2ರ ಮಿತಿ ಇದೆ. ಆದರೂ ಪಫ್ಸ್, ಖಾರ ಬಿಸ್ಕತ್ತು, ಬೇಕರಿಯ ಬನ್ನುಗಳನ್ನು ಗರಿಗರಿ ಮಾಡುವ ಕೊಬ್ಬು ಟ್ರಾನ್ಸ್ ಕಳೆದುಕೊಂಡರೂ ಪರ್ಯಾಪ್ತವಾಗಿಯೇ ಉಳಿದಿರುತ್ತದೆ. ಸಂಜೆ ಬಜ್ಜಿ ಕರಿದ ಎಣ್ಣೆಯನ್ನು ಮರುದಿನ ಮತ್ತೆ ಕಾಯಿಸುವ ರೂಢಿಯನ್ನೂ ಬಿಡಿ.

ಹಂತ 4: ಕರಗುವ ನಾರನ್ನು ಸೇರಿಸಿ

ಬಿಡುವುದರಷ್ಟೇ ಮುಖ್ಯ, ಸೇರಿಸುವುದು. ನೀರಿನಲ್ಲಿ ಕರಗಿ ಲೋಳೆಯಾಗುವ ನಾರು ಕರುಳಿನಲ್ಲಿ, ಕೊಬ್ಬನ್ನು ಜೀರ್ಣಿಸಲು ಯಕೃತ್ತು ತಯಾರಿಸುವ ಪಿತ್ತಾಮ್ಲಗಳನ್ನು ಹಿಡಿದು ಹೊರಹಾಕುತ್ತದೆ. ಕಳೆದುಹೋದ ಪಿತ್ತಾಮ್ಲವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಎಲ್‌ಡಿಎಲ್ ಅನ್ನು ಬಳಸಿಕೊಳ್ಳಬೇಕಾಗುತ್ತದೆ. ದಿನಕ್ಕೆ 5ರಿಂದ 10 ಗ್ರಾಂ ಕರಗುವ ನಾರು ಸೇರಿದರೆ ಎಲ್‌ಡಿಎಲ್ ಸುಮಾರು ಶೇ 5ರಷ್ಟು ಇಳಿಯುತ್ತದೆ.

ಇಲ್ಲಿ ನಮ್ಮ ಅಡುಗೆಯೇ ನಮಗೆ ದೊಡ್ಡ ಆಸರೆ. ಹುರುಳಿಕಾಳಿನ ಸಾರು, ಅವರೆಕಾಳಿನ ಹುಳಿ, ಅಲಸಂದೆ ಉಸಲಿ, ಹೆಸರುಕಾಳು ಹಾಕಿದ ಬಸ್ಸಾರು, ಮಡಕೆಕಾಳಿನ ಪಲ್ಯ ಇವುಗಳಲ್ಲಿ ಯಾವುದಾದರೊಂದು ದಿನವೂ ಒಂದು ಬಟ್ಟಲು ತಟ್ಟೆಯಲ್ಲಿರಲಿ. ತಿಳಿಸಾರಿನ ಮೇಲ್ಭಾಗವನ್ನಷ್ಟೇ ಬಡಿಸಿಕೊಂಡು ಕಾಳನ್ನು ಪಾತ್ರೆಯ ತಳದಲ್ಲಿ ಬಿಟ್ಟರೆ ಲೆಕ್ಕಕ್ಕಿಲ್ಲ. ಒಬ್ಬರ ಪಾಲಿಗೆ ಬೆಂದ ಕಾಳು ಮುಕ್ಕಾಲು ಬಟ್ಟಲಾದರೂ ಬರಬೇಕು. ಬೆಂಡೆಕಾಯಿ, ಬದನೆ, ಮೆಂತ್ಯ, ಸೀಬೆ, ಸೇಬು ಇವುಗಳಲ್ಲೂ ಕರಗುವ ನಾರಿದೆ. ಉತ್ತರ ಕರ್ನಾಟಕದ ಅಗಸಿ ಹಿಂಡಿ ಈ ವಿಷಯದಲ್ಲಿ ವಿಶೇಷವಾದದ್ದು: ಅಗಸೆ ಬೀಜದ ಲೋಳೆಯೂ ಅದರಲ್ಲಿರುವ ಒಮೆಗಾ-3 ಜಾತಿಯ ಕೊಬ್ಬೂ ಒಟ್ಟಿಗೆ ಸಿಗುತ್ತವೆ. ಬೀಜವನ್ನು ಹುರಿದು ಪುಡಿ ಮಾಡಿಯೇ ತಿನ್ನಬೇಕು, ಇಡಿಯಾಗಿ ನುಂಗಿದರೆ ಹಾಗೆಯೇ ಹೊರಹೋಗುತ್ತದೆ. ಹಿಂಡಿಗೆ ಉಪ್ಪು ಮಾತ್ರ ಹಿಡಿತದಲ್ಲಿರಲಿ.

ರಾಗಿಯ ಬಗ್ಗೆ ಒಂದು ಮಾತು. ಮುದ್ದೆಯಲ್ಲಿ ನಾರು ಹೇರಳವಾಗಿದೆ, ಬಿಳಿ ಅನ್ನಕ್ಕಿಂತ ಅದು ಖಂಡಿತ ಮೇಲು. ಆದರೆ ಆ ನಾರಿನ ಬಹುಪಾಲು ಕರಗದ ಜಾತಿಯದು. ಆದ್ದರಿಂದ ಎಲ್‌ಡಿಎಲ್ ಇಳಿಸುವ ಕೆಲಸವನ್ನು ಮುದ್ದೆಗಿಂತ ಅದರ ಜೊತೆಗಿನ ಹುರುಳಿ ಸಾರು, ಕಾಳಿನ ಉಪ್ಸಾರು ಹೆಚ್ಚು ಮಾಡುತ್ತವೆ. ಓಟ್ಸ್ ಮತ್ತು ಬಾರ್ಲಿ ಬೀಟಾ-ಗ್ಲೂಕನ್ ಎಂಬ ಕರಗುವ ನಾರಿಗೆ ಹೆಸರಾದವು. ಅದರ ಪರಿಣಾಮಕ್ಕೆ ಬೇಕಾದ ದಿನದ 3 ಗ್ರಾಂ ಸುಮಾರು 75 ಗ್ರಾಂ ಒಣ ಓಟ್ಸ್‌ನಿಂದ ಸಿಗುತ್ತದೆ. ಉಪ್ಪಿಟ್ಟಿನಂತೆ ತರಕಾರಿ ಹಾಕಿ ಮಾಡಿಕೊಳ್ಳಬಹುದು; ಸಕ್ಕರೆ ಬೆರೆಸಿದ ಪೊಟ್ಟಣದ ಓಟ್ಸ್ ಬೇಡ.

ಇಷ್ಟೂ ಸಾಲದಿದ್ದರೆ ಇಸಬ್ಗೋಲ್ ಹೊಟ್ಟು ಇದೆ. ದಿನಕ್ಕೆ 10 ಗ್ರಾಂ, ಎರಡು ಬಾರಿಗೆ ಹಂಚಿಕೊಂಡು, ಪ್ರತಿ ಬಾರಿ ದೊಡ್ಡ ಲೋಟ ನೀರಿನೊಂದಿಗೆ ತೆಗೆದುಕೊಳ್ಳಬೇಕು. ನೀರು ಕಡಿಮೆಯಾದರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ನುಂಗಲು ಕಷ್ಟವಿರುವವರು ಇದನ್ನು ಮುಟ್ಟಬಾರದು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆಯಾದರೂ ಅಂತರವಿರಲಿ. ನಾರನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸಿ, ಇಲ್ಲವಾದರೆ ಹೊಟ್ಟೆಯುಬ್ಬರ ತಪ್ಪದು.

ಒಂದು ಹಿಡಿ, ಅಂದರೆ 30 ಗ್ರಾಂ ಬಾದಾಮಿಯನ್ನೋ ಹುರಿದ ಕಡಲೆಕಾಯಿಯನ್ನೋ ಸಂಜೆಯ ಚಕ್ಕುಲಿ, ಮಿಕ್ಸ್ಚರ್‌ಗಳ ಜಾಗಕ್ಕೆ ತಂದುಕೊಳ್ಳಿ. ಅವುಗಳ ಜೊತೆಗೆ ಇದನ್ನೂ ತಿಂದರೆ ತೂಕ ಏರುತ್ತದೆ, ಅಷ್ಟೇ.

ಹಂತ 5: ಟ್ರೈಗ್ಲಿಸರೈಡ್ ಏರಿದ್ದರೆ ಅನ್ನ, ಸಿಹಿ, ಮದ್ಯ

ಕೊಬ್ಬು ಬಿಟ್ಟು, ಆ ಹಸಿವನ್ನು ಇನ್ನೊಂದು ಸೌಟು ಅನ್ನದಿಂದ ತುಂಬಿಕೊಂಡವರ ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ. ಹೆಚ್ಚಾದ ಪಿಷ್ಟವನ್ನೂ ಸಕ್ಕರೆಯನ್ನೂ ಯಕೃತ್ತು ಕೊಬ್ಬಾಗಿ ಪರಿವರ್ತಿಸಿ ರಕ್ತಕ್ಕೆ ಬಿಡುವುದರಿಂದ ಹೀಗಾಗುತ್ತದೆ. ಹೊಟ್ಟೆ ಬೆಳೆದ, ಎಚ್‌ಡಿಎಲ್ ಕಡಿಮೆಯಿರುವ, ಟ್ರೈಗ್ಲಿಸರೈಡ್ ಹೆಚ್ಚಿರುವ ಚಿತ್ರ ಭಾರತೀಯರಲ್ಲಿ ಬಹಳ ಸಾಮಾನ್ಯ. ವಿದೇಶದಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ಸಾಮಾನ್ಯ ಸಲಹೆಯನ್ನು ಓದುವಾಗ ಇದನ್ನು ನೆನಪಿಡಬೇಕು.

ಮಾಡಬೇಕಾದದ್ದು ಇಷ್ಟು. ತಟ್ಟೆಯ ಅರ್ಧ ಭಾಗವನ್ನು ಮೊದಲು ಪಲ್ಯ, ಕೋಸಂಬರಿ, ಸೊಪ್ಪಿನಿಂದ ತುಂಬಿ, ಕಾಲು ಭಾಗಕ್ಕೆ ಕಾಳು, ಬೇಳೆ ಅಥವಾ ಮೀನು ಹಾಕಿಕೊಂಡು, ಉಳಿದ ಕಾಲು ಭಾಗಕ್ಕೆ ಮಾತ್ರ ಅನ್ನ, ಮುದ್ದೆ, ರೊಟ್ಟಿ ಬಡಿಸಿಕೊಳ್ಳಿ. ಸಾರನ್ನ, ಹುಳಿಯನ್ನ, ಮೊಸರನ್ನ ಎಂದು ಮೂರು ಸಲ ಬಡಿಸಿಕೊಳ್ಳುವ ಕ್ರಮವಿದ್ದರೆ ಮೂರೂ ಇರಲಿ, ಒಟ್ಟು ಅನ್ನ ಒಂದು ಬಟ್ಟಲಿಗೆ ನಿಲ್ಲಲಿ. ದಿನಕ್ಕೆ ನಾಲ್ಕು ಲೋಟ ಕಾಫಿ, ಟೀಗೆ ಎರಡೆರಡು ಚಮಚ ಸಕ್ಕರೆಯೆಂದರೆ ಎಂಟು ಚಮಚ, 32 ಗ್ರಾಂಗೂ ಮೇಲು. ಬೆಲ್ಲ, ಜೇನಿಗೆ ಬದಲಿಸಿದರೂ ಯಕೃತ್ತಿಗೆ ಹೆಚ್ಚು ವ್ಯತ್ಯಾಸ ತಿಳಿಯದು. ಹಣ್ಣನ್ನು ತಿನ್ನಿ, ಜ್ಯೂಸ್ ಮಾಡಿ ಕುಡಿಯಬೇಡಿ. ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ ಮದ್ಯದ ಸುರಕ್ಷಿತ ಪ್ರಮಾಣವನ್ನು ಹೇಳಲು ನಾನು ಸಿದ್ಧನಿಲ್ಲ. ಪೂರ್ತಿ ನಿಲ್ಲಿಸಿದವರ ಅಂಕಿ ಕೆಲವೇ ವಾರಗಳಲ್ಲಿ ಇಳಿಯುತ್ತದೆ.

ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ ಒಮೆಗಾ-3ರ ಒಳ್ಳೆಯ ಮೂಲಗಳು. ವಾರಕ್ಕೆ ಎರಡು ಊಟ ಸಾಕು; ತವಾದಲ್ಲಿ ಎಣ್ಣೆ ಸುರಿದು ಹುರಿಯುವ ಬದಲು ಹುಳಿ ಹಾಕಿ ಸಾರು ಮಾಡಿ, ಕಾಯಿಯ ಪ್ರಮಾಣ ಇಳಿಸಿ.

ಮೊಟ್ಟೆ, ಕಾಫಿ, ಮನೆಮದ್ದು

ಒಂದು ಮೊಟ್ಟೆಯ ಹಳದಿಯಲ್ಲಿ 200 ಮಿ.ಗ್ರಾಂಗೆ ಹತ್ತಿರದಷ್ಟು ಕೊಲೆಸ್ಟ್ರಾಲ್ ಇದೆ. ಆದರೂ ಹೆಚ್ಚಿನವರಲ್ಲಿ ಅದು ರಕ್ತದ ಅಂಕಿಯ ಮೇಲೆ ಬೀರುವ ಪರಿಣಾಮ ಪರ್ಯಾಪ್ತ ಕೊಬ್ಬಿನದಕ್ಕಿಂತ ಕಡಿಮೆ. ವಾರಕ್ಕೆ ಮೂರು ನಾಲ್ಕು ಬೇಯಿಸಿದ ಮೊಟ್ಟೆಗೆ ಹೆದರಬೇಕಿಲ್ಲ. ಮಧುಮೇಹಿಗಳು ಮತ್ತು ಎಲ್‌ಡಿಎಲ್ ತುಂಬಾ ಹೆಚ್ಚಿರುವವರು ವೈದ್ಯರನ್ನು ಕೇಳಿಕೊಳ್ಳಲಿ.

ಕಾಫಿ ಬೀಜದ ಎಣ್ಣೆಯಂಶದಲ್ಲಿ ಕೆಫೆಸ್ಟಾಲ್ ಎಂಬ ವಸ್ತುವಿದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ತಡೆಯುತ್ತದೆ, ನಮ್ಮ ಸ್ಟೀಲ್ ಫಿಲ್ಟರಿನ ತೂತುಗಳು ಕಾಗದದಷ್ಟು ತಡೆಯಲಾರವು. ದಿನಕ್ಕೆ ಒಂದೆರಡು ಲೋಟ ಕುಡಿಯುವವರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಿಲ್ಲ. ಐದಾರು ಲೋಟದವರು ಪ್ರಮಾಣ ಇಳಿಸಲಿ, ಅಥವಾ ಫಿಲ್ಟರಿನ ಮೇಲಿನ ಪಾತ್ರೆಯ ತಳಕ್ಕೆ ಗುಂಡಗೆ ಕತ್ತರಿಸಿದ ಫಿಲ್ಟರ್ ಕಾಗದವನ್ನು ಹಾಕಿ, ಅದರ ಮೇಲೆ ಪುಡಿ ತುಂಬಿ ಡಿಕಾಕ್ಷನ್ ಇಳಿಸಲಿ. ತುಸು ನಿಧಾನವಾಗುತ್ತದೆ, ರುಚಿ ಹೆಚ್ಚು ಕೆಡುವುದಿಲ್ಲ.

ಬೆಳ್ಳುಳ್ಳಿ, ಮೆಂತ್ಯ, ದಾಲ್ಚಿನ್ನಿ ಅಡುಗೆಯಲ್ಲಿ ಧಾರಾಳವಾಗಿರಲಿ, ಆದರೆ ಅವು ಮಾತ್ರೆಯ ಕೆಲಸ ಮಾಡುತ್ತವೆ ಎಂದು ನಂಬಬೇಡಿ. ಬಿಸಿನೀರು, ನಿಂಬೆಹಣ್ಣು ರಕ್ತನಾಳವನ್ನು ತೊಳೆಯುತ್ತವೆ ಎಂಬ ಮಾತಿಗೆ ಆಧಾರವಿಲ್ಲ. ಇನ್ನು ಸ್ಟಾಟಿನ್, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಸೇವಿಸುವವರಿಗೆ ಒಂದು ಎಚ್ಚರಿಕೆ: ಗ್ರೇಪ್‌ಫ್ರೂಟ್ ಕೆಲವು ಸ್ಟಾಟಿನ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಆ ಹಣ್ಣು ಚಕ್ಕೋತದ ತಳಿಯಿಂದಲೇ ಹುಟ್ಟಿದ್ದು. ಆದ್ದರಿಂದ ದೇವನಹಳ್ಳಿಯ ಚಕ್ಕೋತವನ್ನು ದಿನವೂ ತಿನ್ನುವ ಮೊದಲು ನಿಮ್ಮ ಮಾತ್ರೆಯ ಹೆಸರು ಹೇಳಿ ವೈದ್ಯರನ್ನು ಕೇಳಿ.

ಹಂತ 6: ನಡಿಗೆ, ಸುತ್ತಳತೆ, ತಂಬಾಕು

ವಾರಕ್ಕೆ ಒಟ್ಟು 150 ನಿಮಿಷ, ಅಂದರೆ ಐದು ದಿನ ಅರ್ಧ ಗಂಟೆ, ಚುರುಕಾಗಿ ನಡೆಯಿರಿ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ವೇಗ ಸರಿಯಿದೆಯೇ ಎಂದು ತಿಳಿಯಲು ಇದೇ ಅಳತೆ. ನಡಿಗೆಯಿಂದ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತದೆ, ಎಚ್‌ಡಿಎಲ್ ಸ್ವಲ್ಪ ಏರುತ್ತದೆ, ಎಲ್‌ಡಿಎಲ್ ಹೆಚ್ಚೇನೂ ಕದಲುವುದಿಲ್ಲ. ದಿನಾ ನಡೆದರೂ ಎಲ್‌ಡಿಎಲ್ ಇಳಿಯಲಿಲ್ಲವೆಂದು ನಿರಾಶರಾಗಿ ನಡಿಗೆ ನಿಲ್ಲಿಸುವವರಿಗಾಗಿ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ಬರೆದಿಡಿ. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ತೂಕ ಹೆಚ್ಚಿರುವವರು ಅದರಲ್ಲಿ ಶೇ 5ರಷ್ಟು, ಅಂದರೆ 80 ಕಿಲೋ ಇದ್ದವರು 4 ಕಿಲೋ ಇಳಿಸಿದರೂ ಟ್ರೈಗ್ಲಿಸರೈಡಿನಲ್ಲಿ ಅದು ಕಾಣುತ್ತದೆ. ಬೀಡಿ, ಸಿಗರೇಟು ಎಚ್‌ಡಿಎಲ್ ಅನ್ನು ಇಳಿಸುವುದಲ್ಲದೆ ರಕ್ತನಾಳದ ಒಳಪದರವನ್ನೇ ಕೆಡಿಸುತ್ತವೆ. ಧೂಮಪಾನ ಬಿಟ್ಟು ಒಂದು ವರ್ಷವಾಗುವಷ್ಟರಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧದಷ್ಟು ಇಳಿದಿರುತ್ತದೆ. ಈ ಲೇಖನದ ಬೇರಾವ ಸಲಹೆಯೂ ಇಷ್ಟು ದೊಡ್ಡ ಲಾಭ ಕೊಡಲಾರದು.

ಹಂತ 7: ಮೂರು ತಿಂಗಳಿಗೆ ಮರುಪರೀಕ್ಷೆ

ಅದೇ ಪ್ರಯೋಗಾಲಯದಲ್ಲಿ, ರಾತ್ರಿ ಊಟದ ನಂತರ 9ರಿಂದ 12 ಗಂಟೆ ಬರೀ ನೀರು ಕುಡಿದು ಪರೀಕ್ಷೆ ಮಾಡಿಸಿ. ಪರೀಕ್ಷೆಗೆಂದು ಹಿಂದಿನ ಮೂರು ದಿನ ವಿಶೇಷ ಪಥ್ಯ ಮಾಡಿದರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡಂತೆ. ಏನೂ ಬದಲಾಗದಿದ್ದರೂ ಎಲ್‌ಡಿಎಲ್ ಶೇ 5ರಿಂದ 10ರಷ್ಟು ತಾನಾಗಿ ಏರಿಳಿಯುತ್ತದೆ. 150ರಿಂದ 143ಕ್ಕೆ ಬಂದದ್ದನ್ನು ಗೆಲುವೆಂದಾಗಲಿ, 150ರಿಂದ 156ಕ್ಕೆ ಹೋದದ್ದನ್ನು ಸೋಲೆಂದಾಗಲಿ ಭಾವಿಸಬೇಡಿ.

ಎಷ್ಟು ಇಳಿತ ನಿರೀಕ್ಷಿಸಬಹುದು? ಕಾಳು, ಬಾದಾಮಿ, ಓಟ್ಸ್, ಸೋಯಾ, ಸಸ್ಯ ಸ್ಟೆರಾಲ್ (ಕೊಲೆಸ್ಟ್ರಾಲನ್ನು ಹೋಲುವ ಸಸ್ಯಮೂಲದ ವಸ್ತು) ಎಲ್ಲವನ್ನೂ ಒಟ್ಟುಗೂಡಿಸಿದ ಊಟವನ್ನು ಕೆನಡಾದ ಟೊರೊಂಟೊದ ಸಂಶೋಧಕರು ತಾವೇ ಒದಗಿಸಿ ನಡೆಸಿದ, 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಲ್‌ಡಿಎಲ್ ಒಂದು ತಿಂಗಳಲ್ಲಿ ಸುಮಾರು ಶೇ 29 ಇಳಿಯಿತು. ಜನರಿಗೆ ಸಲಹೆ ಮಾತ್ರ ಕೊಟ್ಟು, ಮನೆಯಲ್ಲಿ ತಾವೇ ಪಾಲಿಸಲು ಬಿಟ್ಟ ಅದೇ ಬಗೆಯ ಊಟದ 2011ರ ವರದಿಯಲ್ಲಿ ಇಳಿತ ಶೇ 13ರ ಆಸುಪಾಸಿನಲ್ಲಿತ್ತು. ಆದ್ದರಿಂದ ಮನೆಯಲ್ಲಿ ಪ್ರಾಮಾಣಿಕವಾಗಿ ಮಾಡಿದವರು ಶೇ 10ರಿಂದ 15 ಎಂದು ಲೆಕ್ಕವಿಟ್ಟುಕೊಳ್ಳುವುದು ಸರಿ. 150 ಇದ್ದದ್ದು 130ಕ್ಕೆ ಬರಬಹುದು. 200 ಇದ್ದದ್ದು ಊಟದಿಂದಲೇ 100ಕ್ಕೆ ಬರಲಾರದು.

ಇಳಿತ ಸಾಲದೆ ವೈದ್ಯರು ಸ್ಟಾಟಿನ್ ಬರೆದುಕೊಟ್ಟರೆ ಅದು ನಿಮ್ಮ ಪಥ್ಯದ ಸೋಲಲ್ಲ. ಎಲ್‌ಡಿಎಲ್ ಶೇ 30ರಿಂದ 50ರವರೆಗೆ ಇಳಿಯಬೇಕಾದಲ್ಲಿ ಮಾತ್ರೆಯೇ ಬೇಕಾಗುತ್ತದೆ. ಪಥ್ಯ ಜೊತೆಗಿದ್ದರೆ ಕಡಿಮೆ ಪ್ರಮಾಣದ ಮಾತ್ರೆ ಸಾಕಾಗುವ ಸಾಧ್ಯತೆಯಿದೆ. ಮಾತ್ರೆ ಆರಂಭಿಸಿ ಅಂಕಿ ಸರಿಹೋದ ಕೂಡಲೇ “ವಾಸಿಯಾಯಿತು” ಎಂದು ನಿಲ್ಲಿಸುವುದು ನಮ್ಮಲ್ಲಿ ಅತಿ ಸಾಮಾನ್ಯವಾದ, ಅತಿ ದುಬಾರಿಯಾದ ತಪ್ಪು. ಆ ಒಳ್ಳೆಯ ಅಂಕಿ ಮಾತ್ರೆಯದೇ. ನಿಲ್ಲಿಸಿದ ಕೆಲವು ವಾರಗಳಲ್ಲಿ ಹಳೆಯ ಅಂಕಿ ಮರಳುತ್ತದೆ. ಮೈಕೈ ನೋವು ಬಂದರೆ ತಾವಾಗಿ ಬಿಡದೆ ವೈದ್ಯರಿಗೆ ತಿಳಿಸಿ, ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಲು ದಾರಿಯಿದೆ. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಬಯಸುವವರು ಸ್ಟಾಟಿನ್ ಬಗ್ಗೆ ಮೊದಲೇ ಮಾತನಾಡಬೇಕು.

ವೈದ್ಯರ ಬಳಿಗೆ ಹೋಗುವಾಗ ಎರಡೂ ರಿಪೋರ್ಟ್‌ಗಳ ಜೊತೆಗೆ ಆ ನೋಟ್‌ಬುಕ್ಕನ್ನೂ ಒಯ್ಯಿರಿ: ತಿಂಗಳಿಗೆ ಎಷ್ಟು ಎಣ್ಣೆ, ಯಾವ ಹಾಲು, ವಾರಕ್ಕೆ ಎಷ್ಟು ನಡಿಗೆ, ಸೊಂಟದ ಅಳತೆ. ನಿಮ್ಮದು ವಂಶದಿಂದ ಬಂದ ಕೊಲೆಸ್ಟ್ರಾಲ್ ಎಂದು ಅವರು ಹೇಳಿದರೆ, ನಿಮ್ಮ ಪ್ರತಿಯೊಬ್ಬ ಮಗುವಿಗೂ ಒಡಹುಟ್ಟಿದವರಿಗೂ ಅದು ಇರುವ ಸಾಧ್ಯತೆ ಎರಡರಲ್ಲಿ ಒಂದು. ಅವರೆಲ್ಲರ ಪರೀಕ್ಷೆಗೂ ಅಂದೇ ದಿನ ಗೊತ್ತುಮಾಡಿಕೊಳ್ಳಿ.